ಚಿಪ್ ಇದೆ, ಕರ್ನಲ್‌ಗೆ ಮಾತ್ರ ಕಾಣದು

ಪ್ರಶ್ನೆ: ನನ್ನ ಬೋರ್ಡ್‌ನಲ್ಲಿ 16 ಎಂಬಿ ಎಸ್‌ಪಿಐ ನಾರ್ ಫ್ಲ್ಯಾಶ್ (ವಿದ್ಯುತ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಮೆಮೊರಿ ಚಿಪ್) ಇದೆ. ನಾನೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್, ರೂಟ್ ಫೈಲ್‌ಸಿಸ್ಟಂ (ಸಿಸ್ಟಂನ ಮುಖ್ಯ ಫೈಲುಗಳಿರುವ ಜಾಗ) ಸಿಗದೆ ‘ಪ್ಯಾನಿಕ್’ ಎಂದು ನಿಲ್ಲುತ್ತದೆ. ಫ್ಲ್ಯಾಶ್ ಡ್ರೈವರ್‌ಗಳಿಗೆಲ್ಲ ‘ಎಂ’ (ಕರ್ನಲ್‌ನಿಂದ ಬೇರೆಯಾದ ಮಾಡ್ಯೂಲ್ ಫೈಲ್) ಕೊಟ್ಟಿದ್ದೇನೆ. ತಪ್ಪೆಲ್ಲಿ?

ಉತ್ತರ: ಆ ‘ಎಂ’ನಲ್ಲೇ. ಮಾಡ್ಯೂಲ್ ಫೈಲುಗಳು ಇರುವುದು ಫ್ಲ್ಯಾಶ್ ಒಳಗೆ, ಫ್ಲ್ಯಾಶ್ ಓದಲು ಬೇಕಾದದ್ದೂ ಅವೇ. ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಂತೆ! ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೆಮೊರಿಗೆ ಬರುವ ತಾತ್ಕಾಲಿಕ ರೂಟ್) ಬಳಸದಿದ್ದರೆ ಎಂಟಿಡಿ (ಫ್ಲ್ಯಾಶ್ ನಿಭಾಯಿಸುವ ಕರ್ನಲ್ ಭಾಗ), ಎಂಟಿಡಿ ಬ್ಲಾಕ್, ಎಸ್‌ಪಿಐ ನಾರ್, ನಿಮ್ಮ ಚಿಪ್‌ನ ಎಸ್‌ಪಿಐ ಕಂಟ್ರೋಲರ್ ಡ್ರೈವರ್ ಎಲ್ಲಕ್ಕೂ ‘ವೈ’ (ಕರ್ನಲ್ ಒಳಗೇ ಸೇರಿಸು) ಕೊಡಿ. ಕೊನೆಯದನ್ನು ಮರೆಯುವವರೇ ಹೆಚ್ಚು. ರೂಟ್ ಸ್ಕ್ವಾಶ್‌ಎಫ್‌ಎಸ್ (ಓದಲು ಮಾತ್ರ ಬರುವ, ಕುಗ್ಗಿಸಿದ ಫೈಲ್‌ಸಿಸ್ಟಂ) ಆಗಿದ್ದರೆ ಅದಕ್ಕೂ, ಇಮೇಜ್ ಕಟ್ಟಲು ಬಳಸಿದ ಕಂಪ್ರೆಷನ್‌ಗೂ ‘ವೈ’ ಬೇಕು.

ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರನ್ನು ಕರ್ನಲ್‌ಗೆ ತಿಳಿಸುವ ಫೈಲ್) ಚಿಪ್‌ನ ಕಂಪ್ಯಾಟಿಬಲ್ ಸಾಲಿನಲ್ಲಿ ‘ಜೆಡೆಕ್, ಎಸ್‌ಪಿಐ-ನಾರ್’ ಇದೆಯೇ ನೋಡಿ. ಪಾರ್ಟಿಷನ್‌ಗಳನ್ನು 64 ಕೆಬಿಯ ಅಪವರ್ತ್ಯಗಳಲ್ಲೇ ಕತ್ತರಿಸಿ. ಎರೇಸ್ ಬ್ಲಾಕಿನ (ಫ್ಲ್ಯಾಶ್‌ನಲ್ಲಿ ಒಮ್ಮೆಗೆ ಅಳಿಸುವ ತುಂಡಿನ) ಗಡಿ ತಪ್ಪಿದ ಪಾರ್ಟಿಷನ್ನನ್ನು ಕರ್ನಲ್ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡದು.

ಜಾರಿ ಬೀಳಬಹುದಾದ ಇನ್ನೊಂದು ಹಳ್ಳ: ಎಸ್‌ಪಿಐ ನಾರ್ ಮೆನುವಿನ 4 ಕೆಬಿ ಸೆಕ್ಟರ್ ಆಯ್ಕೆ. ಚಿಕ್ಕ ಬದಲಾವಣೆ ಬರೆಯಲು ಅದು ಚುರುಕು, ಆದರೆ ಯುಬಿಐಎಫ್‌ಎಸ್‌ಗೆ (ಫ್ಲ್ಯಾಶ್‌ಗೆಂದೇ ಇರುವ ಫೈಲ್‌ಸಿಸ್ಟಂ) ಕನಿಷ್ಠ 15 ಕೆಬಿ ಎರೇಸ್ ಬ್ಲಾಕ್ ಬೇಕು. ಯುಬಿಐಎಫ್‌ಎಸ್ ಬಳಸುವುದಾದರೆ ಈ ಆಯ್ಕೆ ತೆಗೆದುಬಿಡಿ.