ಮೂರ್ಛೆ ಹೋದಳೋ, ಮೈಮರೆತಳೋ?

ಪ್ರಶ್ನೆ: ಇಂಗ್ಲಿಷ್ ಕಥೆಯೊಂದನ್ನು ಅನುವಾದಿಸುತ್ತಿದ್ದೇನೆ. ನಾಯಕಿ ಸಂಗೀತ ಕೇಳಿ ಆನಂದಪಡುವ ಕಡೆ ಮೂಲದಲ್ಲಿ ‘ಸ್ವೂನ್’ ಎಂಬ ಪದವಿದೆ. ನಿಘಂಟು ನೋಡಿ ‘ಮೂರ್ಛೆ ಹೋದಳು’ ಎಂದು ಬರೆದೆ. ಸಂಪಾದಕರು ‘ಮೈಮರೆತಳು’ ಎಂದು ತಿದ್ದಿದ್ದಾರೆ. ಯಾವುದು ಸರಿ?
– ಅನುವಾದಕಿ, ಮೈಸೂರು

ಉತ್ತರ: ಆಕೆ ನೆಲಕ್ಕೆ ಬಿದ್ದಳೇ? ಮೊದಲು ಅದನ್ನು ನೋಡಿಕೊಳ್ಳಿ. ಬೀಳದಿದ್ದರೆ ಸಂಪಾದಕರದೇ ಸರಿ. ‘ಮೂರ್ಛೆ ಹೋದಳು’ ಎಂದೊಡನೆ ಕನ್ನಡದ ಓದುಗ ಮುಂದಿನ ಸಾಲಿನಲ್ಲಿ ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಾರೆಂದು ಕಾಯುತ್ತಾನೆ.

‘ಮೈಮರೆ’ಗೆ ಒಂದಷ್ಟು ಹೊತ್ತು ಬೇಕು: ‘ಆಲಾಪನೆ ಮುಗಿಯುವವರೆಗೂ ಮೈಮರೆತು ಕುಳಿತಿದ್ದಳು.’ ಕ್ಷಣಮಾತ್ರದ ಅನುಭವವಾದರೆ ‘ಮೈ ಜುಮ್ಮೆಂದಿತು’, ‘ಪುಳಕಗೊಂಡಳು’ ಸಾಕು. ‘ಮೈನವಿರೆದ್ದಿತು’ ಎಂದೂ ಬರೆಯಬಹುದು (ನವಿರು ಎಂದರೆ ಇಲ್ಲಿ ಕೂದಲು, ನವಿಲಲ್ಲ). ಆದರೆ ಮೈನವಿರು ಹೆದರಿಕೆಗೂ ಏಳುತ್ತದೆ, ಹಾಗಾಗಿ ಹಿಂದುಮುಂದಿನ ಮಾತು ಆನಂದವನ್ನು ಹೇಳುತ್ತಿರಬೇಕು. ‘ಪರವಶ’ವನ್ನು ಒಂಟಿಯಾಗಿ ಬಿಡಬೇಡಿ. ಕೋಟೆ ಶತ್ರುವಿನ ಕೈಗೆ ಹೋದರೂ ಪರವಶವೇ. ‘ಆನಂದಪರವಶ’, ‘ಭಾವಪರವಶ’ ಎಂದು ಜೋಡಿಸಿದರೆ ಗೊಂದಲವಿಲ್ಲ. ‘ಮೈಮರೆ’ಗೂ ಒಂದು ಅಡ್ಡವಾಸನೆ ಅಂಟಿಕೊಂಡಿದೆ. ‘ಅಧಿಕಾರಿಗಳು ಮೈಮರೆತರು’ ಎಂಬ ಸುದ್ದಿಯಲ್ಲಿ ಅದರ ಅರ್ಥ ಬರೀ ಅಲಕ್ಷ್ಯ.

ಹಾಗೆಂದು ಆನಂದಕ್ಕೆ ಎಚ್ಚರ ತಪ್ಪುವುದು ನಮ್ಮವರಿಗೆ ಹೊಸದೇನಲ್ಲ. ಮನಸ್ಸಿನ ಭಾವ ಮೈಯಲ್ಲಿ ಕಾಣಿಸಿಕೊಳ್ಳುವ ಬಗೆಗಳನ್ನು ನಮ್ಮ ಶಾಸ್ತ್ರಕಾರರು ಸಾತ್ತ್ವಿಕ ಭಾವ ಎನ್ನುತ್ತಾರೆ. ಅಂಥ ಎಂಟರಲ್ಲಿ ರೋಮಾಂಚ, ಕಣ್ಣೀರು, ನಡುಕಗಳ ಜೊತೆಗೆ ‘ಪ್ರಳಯ’ವೂ ಒಂದು. 14ನೇ ಶತಮಾನದ ಕಾವ್ಯಮೀಮಾಂಸಕ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಅದನ್ನು ಸುಖದಿಂದಲೋ ದುಃಖದಿಂದಲೋ ಚಲನೆಯೂ ಅರಿವೂ ಇಲ್ಲವಾಗುವುದು ಎಂದು ವಿವರಿಸಿದ್ದಾನೆ. ಇಂಗ್ಲಿಷಿನ ‘ಸ್ವೂನ್’ಗೆ ಅರ್ಥದಲ್ಲಿ ತೀರ ಹತ್ತಿರದ್ದು ಇದೇ. ಆದರೆ ಕಥೆಯಲ್ಲಿ ‘ಪ್ರಳಯವಾಯಿತು’ ಎಂದು ಬರೆದರೆ ಓದುಗ ಪ್ರವಾಹ ಬಂತೆಂದುಕೊಂಡಾನು!

ಪ್ರಶ್ನೆ: ಪ್ರಾರ್ಥನೆಯ ಹೊತ್ತಿನಲ್ಲಿ ಬಿಸಿಲಿಗೆ ಬಿದ್ದ ಹುಡುಗನ ಬಗ್ಗೆ ‘ಮೂರ್ಛೆ ಬಂತು’ ಎಂದು ವರದಿ ಬರೆದೆ. ಪೋಷಕರು ಬೇಸರಪಟ್ಟರು. ಏಕೆ?
– ಶಿಕ್ಷಕರು, ಗದಗ

ಉತ್ತರ: ಒಂದು ಕ್ರಿಯಾಪದ ಮಾಡಿದ ಕೆಲಸವದು. ‘ಮೂರ್ಛೆ ಹೋದ’ ಎಂದರೆ ಆ ಹೊತ್ತಿಗೆ ಪ್ರಜ್ಞೆ ತಪ್ಪಿತು ಎಂದಷ್ಟೇ. ‘ಮೂರ್ಛೆ ಬಂತು’ ಎಂದರೆ ಬಹಳ ಮಂದಿಗೆ ಕೇಳಿಸುವುದು ಮೂರ್ಛೆರೋಗ, ಅಂದರೆ ಅಪಸ್ಮಾರ, ಆಡುಮಾತಿನ ಫಿಟ್ಸ್. ಎರಡೂ ಬೇರೆ ಬೇರೆ. ಬಿಸಿಲಲ್ಲಿ ನಿಂತು ಬಿದ್ದವರಿಗೆ ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗಿರುತ್ತದೆ. ಮಲಗಿಸಿ ಕಾಲು ಎತ್ತರಿಸಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಅಪಸ್ಮಾರದಲ್ಲಿ ಕೆಡುವುದು ಮಿದುಳಿನ ವಿದ್ಯುತ್ ಚಟುವಟಿಕೆ. ಎಚ್ಚರವಾದ ಮೇಲೂ ಮಂಕು, ಗೊಂದಲ ಉಳಿಯುವುದುಂಟು. ಬರೀ ಕೈಕಾಲು ಅದುರಿದ್ದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಸಾಮಾನ್ಯ ಮೂರ್ಛೆಯಲ್ಲೂ ಒಂದೆರಡು ಸಲ ಅದುರಬಹುದು.

ಆದ್ದರಿಂದ ವರದಿಯಲ್ಲಿ ರೋಗದ ಹೆಸರು ಬೇಡ, ಕಂಡದ್ದನ್ನು ಬರೆಯಿರಿ: ‘ಕಣ್ಣು ಕತ್ತಲೆ ಬಂದಿತೆಂದ, ಕುಸಿದ, ಅರ್ಧ ನಿಮಿಷದಲ್ಲಿ ಮಾತಾಡಿದ.’ ನಿಮ್ಮ ಕಡೆಯ ‘ಬವಳಿ ಬಂದು ಬಿದ್ದ’ ಎಂಬ ಮಾತೂ ಚೆನ್ನಾಗಿಯೇ ಇದೆ; ಮರಾಠಿಯ ‘ಭೋವಳ್’ ಅದರ ನೆರೆಯ ಪದ. ಗೊಂದಲ ಹುಟ್ಟಿಸುವುದು ‘ತಲೆಸುತ್ತು’. ಕೋಣೆಯೇ ಗಿರಗಿರ ತಿರುಗಿದಂತಾಗುವುದಕ್ಕೂ ಎದ್ದಾಗ ಕಣ್ಣು ಮಂಜಾಗುವುದಕ್ಕೂ ನಾವು ಅದೊಂದೇ ಪದ ಬಳಸುತ್ತೇವೆ. ಮೊದಲನೆಯದಕ್ಕೆ ಹೆಚ್ಚಾಗಿ ಒಳಕಿವಿ ಕಾರಣ, ಎರಡನೆಯದಕ್ಕೆ ರಕ್ತದೊತ್ತಡದ ಇಳಿತ. ವೈದ್ಯರ ಮುಂದೆ ಬಿಡಿಸಿ ಹೇಳಿ.

ಪ್ರಶ್ನೆ: ಸಂಗೀತದ ‘ಮೂರ್ಛನೆ’ಗೂ ಮೂರ್ಛೆಗೂ ನಂಟಿದೆಯೇ?
– ವೀಣಾ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇದೆ, ಒಂದೇ ಧಾತು. ಸಂಸ್ಕೃತ ಧಾತುಗಳ ಪಟ್ಟಿಯಾದ ಪಾಣಿನೀಯ ಧಾತುಪಾಠ ಅದಕ್ಕೆ ಎರಡು ಅರ್ಥ ಕೊಡುತ್ತದೆ: ಮೋಹ ಮತ್ತು ಸಮುಚ್ಛ್ರಾಯ, ಅಂದರೆ ಮಂಕಾಗುವುದು ಮತ್ತು ಮೇಲೇರುವುದು. ಬಿದ್ದವನ ಮೂರ್ಛೆ ಮೊದಲ ಅರ್ಥದ್ದು. ಏಳು ಸ್ವರ ಕ್ರಮವಾಗಿ ಏರಿಳಿಯುವ ಮೂರ್ಛನೆಯನ್ನು ಎರಡನೆಯದರ ಜೊತೆ ಇಡಬಹುದು. ನಾಟ್ಯಶಾಸ್ತ್ರದ ಭರತನ ಲೆಕ್ಕದಲ್ಲಿ ಷಡ್ಜಗ್ರಾಮಕ್ಕೆ (ಗ್ರಾಮ ಎಂದರೆ ಇಲ್ಲಿ ಮೂಲ ಸ್ವರಶ್ರೇಣಿ, ಊರಲ್ಲ) 7, ಮಧ್ಯಮಗ್ರಾಮಕ್ಕೆ 7, ಒಟ್ಟು 14 ಮೂರ್ಛನೆಗಳು. ಎರಡೂ ಪದಗಳಲ್ಲಿ ‘ಛ’ ಮಹಾಪ್ರಾಣ, ‘ಮೂರ್ಚೆ’ ತಪ್ಪು.

ಪ್ರಶ್ನೆ: ‘ಬಸವಳಿದ’ ಎಂಬುದು ದುಡಿದು ದಣಿದ ಬಸವನಿಂದ ಬಂದ ಮಾತೇ?
– ಓದುಗರು, ಮಂಡ್ಯ

ಉತ್ತರ: ಊಹೆ ಸೊಗಸಾಗಿದೆ, ಆದರೆ ಎತ್ತಿಗೆ ಅಲ್ಲಿ ಕೆಲಸವಿಲ್ಲ. ‘ವಶ’ದ ತದ್ಭವ ‘ಬಸ’. ಅದು ಅಳಿದರೆ ಬಸವಳಿ. ಮೈ ತನ್ನ ಹಿಡಿತ ತಪ್ಪಿತು ಎಂದರ್ಥ. ಪರವಶದಲ್ಲೂ ಇರುವುದು ಅದೇ ವಶ. ದಣಿದವನದು ಅಳಿಯಿತು, ಹಿಗ್ಗಿದವನದು ಬೇರೆಯವರ ಪಾಲಾಯಿತು. ಶಸ್ತ್ರಚಿಕಿತ್ಸೆಯ ‘ಅರಿವಳಿಕೆ’ಯಲ್ಲೂ ಇದೇ ‘ಅಳಿ’ ಇದೆ. ಅರಿವು ಅಳಿಯುವುದಾದ್ದರಿಂದ ಆಸ್ಪತ್ರೆಯ ಫಲಕದಲ್ಲಿ ‘ಅರವಳಿಕೆ’ ಎಂದು ಬರೆದರೆ ಅರಿವೇ ಕಾಣೆಯಾಗುತ್ತದೆ.

ಪ್ರಶ್ನೆ: ‘ಆನಂದತುಂದಿಲ’ ಎಂಬುದರಲ್ಲಿ ‘ತುಂದಿಲ’ ಎಂದರೇನು?
– ಗೃಹಿಣಿ, ಹಾಸನ

ಉತ್ತರ: ಡೊಳ್ಳುಹೊಟ್ಟೆಯವನು. ಆನಂದ ಉಂಡುಂಡು ಹೊಟ್ಟೆ ಉಬ್ಬಿದೆ ಎಂದು ಭಾವ. ಅಚ್ಚಗನ್ನಡದ ‘ಹಿಗ್ಗು’ ಕೂಡ ಉಬ್ಬುವುದೇ. ಅದರ ಎದುರು ಪದ ‘ಕುಗ್ಗು’. ಮನೆಮಾತಿಗೆ ತುಂದಿಲ ಭಾರವೆನಿಸಿದರೆ ‘ಹಿರಿಹಿರಿ ಹಿಗ್ಗಿದ’ ಅನ್ನಿ, ‘ಹಾಲು ಕುಡಿದಷ್ಟು ಸಂತೋಷವಾಯಿತು’ ಅನ್ನಿ. ಇನ್ನೂ ಹೆಚ್ಚಾದರೆ ‘ಸ್ವರ್ಗಕ್ಕೆ ಮೂರೇ ಗೇಣು’ ಇದ್ದೇ ಇದೆ.