265ನೇ ಪ್ರಶ್ನೆವರೆಗೂ ಹೋದ ಸಿಸ್ಟರ್

ಗುರುತು ಸಿಗಬಾರದು ಅಂತ ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಶಾಂತಾ ಅನ್ನೋಣ. ಬಿಎಸ್ಸಿ ನರ್ಸಿಂಗ್ ಓದಿದವರು, ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಹಿರಿಯ ಸ್ಟಾಫ್ ನರ್ಸ್. ಗಂಡ ಹೈಸ್ಕೂಲ್ ಮೇಷ್ಟ್ರು. ಇಬ್ಬರು ಮಕ್ಕಳು, ಜೊತೆಗೆ ಅತ್ತೆ.

ನನ್ನ ಹತ್ತಿರ ಸಲಹೆ ಕೇಳೋಕೆ ಬಂದಿದ್ದು ನಿದ್ದೆಯ ವಿಷಯಕ್ಕೆ. "ನೈಟ್ ಡ್ಯೂಟಿ ಇಲ್ಲದ ದಿನಾನೂ ಕಣ್ಣಿಗಿ ನಿದ್ದಿ ಹತ್ತಂಗಿಲ್ರಿ ಮೇಡಂ" ಅಂದರು. ಯಾವಾಗಿನಿಂದ ಅಂತ ಕೇಳಿದೆ. ಅವರೇ ಕೆಲಸ ಕಲಿಸಿದ್ದ ಹುಡುಗಿ ಎನ್‌ಕ್ಲೆಕ್ಸ್ ಪಾಸಾಗಿ ವಾಟ್ಸಾಪ್ ಸ್ಟೇಟಸ್ ಹಾಕಿದ್ದಳಂತೆ, ವಾರ್ಡಿಗೆಲ್ಲ ಪೇಢೆ ಹಂಚಿದಳಂತೆ. ಅವತ್ತಿನಿಂದ. ಶಾಂತಾ ಕೂಡ ಅದೇ ಪರೀಕ್ಷೆ ಬರೆದಿದ್ದರು, 2017ರಲ್ಲಿ, ಹೈದರಾಬಾದ್‌ಗೆ ಹೋಗಿ. ಫೇಲ್ ಆಗಿದ್ದರು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಫೈಲ್ ಅಮೆರಿಕದಲ್ಲೇ ನಿಂತಿದೆ ಅಂತ ಹೇಳಿಕೊಂಡೇ ಇಷ್ಟು ವರ್ಷ ಕಳೆದಿದ್ದಾರೆ. ಫೀಸು ಕಟ್ಟಿದ್ದು ಅವರಪ್ಪ, ಆ ವರ್ಷದ ತೊಗರಿ ಮಾರಿದ ದುಡ್ಡಲ್ಲಿ.

ಗೊತ್ತಿಲ್ಲದವರಿಗೆ: ಎನ್‌ಕ್ಲೆಕ್ಸ್ ಅಂದರೆ ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡೋಕೆ ಬೇಕಾದ ಲೈಸೆನ್ಸ್ ಪರೀಕ್ಷೆ. ಕಂಪ್ಯೂಟರ್ ಮುಂದೆ ಕೂತು ಬರೆಯೋದು. ನಾನು ನರ್ಸ್ ಅಲ್ಲ, ಕೋಚಿಂಗ್ ಕೊಡುವವಳೂ ಅಲ್ಲ. ಆದರೆ ಈ ಭಾಗದಿಂದ ಇಂಥ ಹೆಣ್ಣುಮಕ್ಕಳು ಬರುತ್ತಲೇ ಇರುತ್ತಾರೆ, ಹಾಗಾಗಿ ಆ ಪರೀಕ್ಷೆ ಹೇಗೆ ನಡೆಯುತ್ತೆ ಅಂತ ಕಲಿಯಲೇಬೇಕಾಯಿತು.

ಅವರ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದ್ದು ಇದು: "ನನ್ನ ಗೆಳತಿಗಿ 75 ಪ್ರಶ್ನೆಗೇ ಬಂದ್ ಆಯ್ತು, ಪಾಸ್. ನನಗ ಮಷಿನ್ ಹಿಂಡಿ ಹಿಂಡಿ 265 ಕೇಳ್ತು. ಅರ್ಧಕ್ಕರ್ಧ ನನಗ ತಿಳೀಲೇ ಇಲ್ರಿ. ಇಷ್ಟ್ ದಡ್ಡಿ ಐಸಿಯುದಾಗ ಹೆಂಗ್ ಕೆಲ್ಸಾ ಮಾಡ್ಲಿಕತ್ತಾಳ ಅಂತ ನನಗೇ ಅನಸ್ತದ."

ಇದು ಸಮಾಧಾನ ಹೇಳಿ ಮುಗಿಸುವ ಮಾತಲ್ಲ, ಲೆಕ್ಕ ತಿಳಿಸಬೇಕಾದ ಮಾತು. ಆ ಪರೀಕ್ಷೆಯಲ್ಲಿ ಉತ್ತರ ಸರಿ ಆದರೆ ಮುಂದಿನ ಪ್ರಶ್ನೆ ಸ್ವಲ್ಪ ಕಷ್ಟದ್ದು ಬರುತ್ತೆ, ತಪ್ಪಾದರೆ ಸ್ವಲ್ಪ ಸುಲಭದ್ದು. ಹಾಗಾಗಿ ಚೆನ್ನಾಗಿ ಬರೆದವರಿಗೂ ಹೆಚ್ಚುಕಮ್ಮಿ ಅರ್ಧ ತಪ್ಪಾಗುತ್ತೆ, ಎದ್ದು ಬರುವಾಗ ಫೇಲ್ ಅಂತಲೇ ಅನಿಸುತ್ತೆ. ಈ ಅಭ್ಯರ್ಥಿ ಪಾಸಿನ ಗೆರೆಯ ಮೇಲಿದ್ದಾಳೆ ಅಥವಾ ಕೆಳಗಿದ್ದಾಳೆ ಅಂತ ಕಂಪ್ಯೂಟರಿಗೆ 95 ಪರ್ಸೆಂಟ್ ಖಾತ್ರಿ ಆದ ಕೂಡಲೇ ಅದು ನಿಲ್ಲಿಸುತ್ತೆ. ಖಾತ್ರಿ ಆಗದಿದ್ದರೆ ಕೇಳುತ್ತಲೇ ಹೋಗುತ್ತೆ. ಶಾಂತಾ ಬರೆದ ಕಾಲದಲ್ಲಿ ಕನಿಷ್ಠ 75 ಪ್ರಶ್ನೆ, ಗರಿಷ್ಠ 265. ಅಂದರೆ ಶಾಂತಾ ಕೊನೆಯ ಪ್ರಶ್ನೆವರೆಗೂ ಆ ಗೆರೆಯ ಹತ್ತಿರವೇ ಇದ್ದರು. ತೀರಾ ಕೆಳಗಿದ್ದಿದ್ದರೆ ಮೊದಲೇ ನಿಂತುಬಿಡುತ್ತಿತ್ತು. ಫೇಲ್ ಅನ್ನೋದು ಫೇಲೇ, ಅದನ್ನು ನಾನು ಸಿಹಿ ಮಾಡಿ ಹೇಳಲಿಲ್ಲ. ಆದರೆ ಇಷ್ಟು ವರ್ಷ ಅವರು ಯಾವ ಸಂಖ್ಯೆಯನ್ನು ಅವಮಾನ ಅಂದುಕೊಂಡಿದ್ದರೋ ಅದೇ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೋಚಿಂಗ್‌ನವರು ಯಾಕೆ ಇದನ್ನು ಹೇಳಲಿಲ್ಲ ಅಂತ ಸಿಟ್ಟು ಬಂತು. ಬರಲಿ ಬಿಡಿ, ನ್ಯಾಯವಾದ ಸಿಟ್ಟೇ.

ಫೇಲ್ ಆದವರಿಗೆ ಒಂದು ವರದಿ ಕೊಡುತ್ತಾರೆ. ಯಾವ ಭಾಗದಲ್ಲಿ ಪಾಸಿನ ಮಟ್ಟಕ್ಕಿಂತ ಮೇಲೆ, ಯಾವುದರಲ್ಲಿ ಹತ್ತಿರ, ಯಾವುದರಲ್ಲಿ ಕೆಳಗೆ ಅಂತ ಅದರಲ್ಲಿ ಇರುತ್ತೆ. ಶಾಂತಾ ಮೊದಲ ಸಾಲು ಓದಿ ಟ್ರಂಕಿಗೆ ಹಾಕಿದ್ದರು. ಮುಂದಿನ ಸಲ ತರೋಕೆ ಹೇಳಿದೆ. ಔಷಧಿಗಳ ಭಾಗ ಹತ್ತಿರ ಇತ್ತು. ರೋಗಿಗಳ ಆರೈಕೆಯನ್ನು ನಿಭಾಯಿಸುವ ಭಾಗ ಕೆಳಗಿತ್ತು. ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ಒಪ್ಪಿಸಬೇಕು, ಅಂಥವು.

ಅದಕ್ಕೆ ಕಾರಣ ದಡ್ಡತನ ಅಲ್ಲವೇ ಅಲ್ಲ. ನಮ್ಮ ವಾರ್ಡುಗಳಲ್ಲಿ ಊಟ ಮಾಡಿಸೋದು, ಮಗ್ಗುಲು ತಿರುಗಿಸೋದು, ಸ್ಯಾಂಪಲ್ ಲ್ಯಾಬಿಗೆ ಓಡಿಸೋದು ಎಲ್ಲ ಪೇಷಂಟ್ ಕಡೆಯವರೇ. ನರ್ಸ್ ಏನೇ ಆದರೂ ಮೊದಲು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಬೇಕು, ಇಲ್ಲದಿದ್ದರೆ ಬೈಗುಳ. ಆ ಪರೀಕ್ಷೆಯ ನರ್ಸ್ ಬೇರೆ. ರೋಗಿಗೆ ಉಸಿರು ಕಟ್ಟುತ್ತಿದ್ದರೆ ಅವಳು ಮೊದಲು ಎತ್ತಿ ಕೂರಿಸುತ್ತಾಳೆ, ಆಕ್ಸಿಜನ್ ನೋಡುತ್ತಾಳೆ, ಡಾಕ್ಟರು ಆಮೇಲೆ. ಸಹಾಯಕಿಗೆ ಸ್ನಾನ, ಊಟ ಒಪ್ಪಿಸಬಹುದು, ರೋಗಿಯ ಸ್ಥಿತಿ ಅಳೆಯುವ ಕೆಲಸ ಒಪ್ಪಿಸುವ ಹಾಗಿಲ್ಲ. ಶಾಂತಾ ಪ್ರತಿ ಸಲ 'ಡಾಕ್ಟರಿಗೆ ತಿಳಿಸು' ಅನ್ನೋದನ್ನೇ ಒತ್ತಿದ್ದರಂತೆ. ಒಳ್ಳೆಯ ಕೆಲಸಗಾರ್ತಿ ಆಗಿದ್ದೇ ಅಲ್ಲಿ ಕಾಲೆಳೆದಿದೆ, ಅಲ್ವಾ?

ಓದಿನ ವಿಷಯದಲ್ಲಿ ನಾನು ಹೇಳಿದ್ದು ಕಮ್ಮಿ. ಹಳೇ ನೋಟ್ಸ್ ಟ್ರಂಕಲ್ಲೇ ಇರಲಿ ಅಂದೆ. 2023ರ ಏಪ್ರಿಲ್‌ನಿಂದ ಪರೀಕ್ಷೆ ಬದಲಾಗಿದೆ. ಈಗ 85ರಿಂದ 150 ಪ್ರಶ್ನೆ, ಐದು ತಾಸು. ಒಬ್ಬ ರೋಗಿಯ ಚಾರ್ಟ್ ಕೊಟ್ಟು ಅದರ ಮೇಲೆ ಸಾಲಾಗಿ ಆರು ಪ್ರಶ್ನೆ ಕೇಳುತ್ತಾರೆ, ಎಲ್ಲರಿಗೂ ಇಂಥ ಮೂರು ಬಂದೇ ಬರುತ್ತೆ. ಕೆಲವು ಪ್ರಶ್ನೆಗಳಿಗೆ ಭಾಗಶಃ ಅಂಕವೂ ಸಿಗುತ್ತೆ. ಐಸಿಯುನಲ್ಲಿ ಇಷ್ಟು ವರ್ಷ ಕಳೆದವರಿಗೆ ಇದು ಮೊದಲಿಗಿಂತ ವಾಸಿ ಅಂತ ನನ್ನ ಅನಿಸಿಕೆ. ಡ್ಯೂಟಿ ಮುಗಿಸಿ ಹೊರಡುವ ಮುಂಚೆ ಅವತ್ತಿನ ಒಬ್ಬ ರೋಗಿಯನ್ನು ನೆನೆದು, ನಾನು ಏನು ಗಮನಿಸಿದೆ, ಯಾವುದು ಅಪಾಯ, ಮೊದಲು ಏನು ಮಾಡಬೇಕಿತ್ತು ಅಂತ ನಾಲ್ಕು ಸಾಲು ಬರೆಯಿರಿ ಅಂದೆ. ನೈಟ್ ಡ್ಯೂಟಿ ಮುಗಿಸಿದ ಬೆಳಿಗ್ಗೆ ಪುಸ್ತಕ ಮುಟ್ಟಕೂಡದು. ಮಲಗಬೇಕು.

ಆದರೆ ಅದಕ್ಕೂ ಮೊದಲು ಗಂಡನಿಗೆ ಹೇಳಬೇಕು ಅಂತ ಪಟ್ಟು ಹಿಡಿದೆ. ಯಾಕೆಂದರೆ ಕದ್ದು ಓದುವವರ ಅರ್ಧ ಗಮನ ಬಾಗಿಲ ಕಡೆಗೇ ಇರುತ್ತೆ. ಎಲ್ಲರಿಗೂ ಹೇಳೋದು ಬೇಡ, ಅತ್ತೆಗೆ, ಅಪ್ಪನಿಗೆ ಆಮೇಲೆ ನೋಡೋಣ. ಒಬ್ಬರಿಗೆ ಸಾಕು. ಹೇಳಿದರು. ಮೇಷ್ಟ್ರು ಚೆನ್ನಾಗಿ ತಗೊಳ್ಳಲಿಲ್ಲ, ಒಂದಷ್ಟು ದಿನ ಮನೆಯಲ್ಲಿ ಮಾತಿಲ್ಲ. ಫೇಲ್ ಆಗಿದ್ದಕ್ಕಲ್ಲ ಸಿಟ್ಟು. "ಇಷ್ಟ್ ವರ್ಷ ನನ್ನ ಕೈಲಿ ಊರವರಿಗೆಲ್ಲ ಸುಳ್ಳ ಹೇಳಿಸಿದಳಲ್ರಿ" ಅನ್ನೋದಕ್ಕೆ. ಅದನ್ನು ಶಾಂತಾ ಕೂತು ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಂಡರು. ಕ್ಷಮೆ ಕೇಳಿದರು.

ಮೇಷ್ಟ್ರು ಮುಂದಿನ ಸಲ ಜೊತೆಗೇ ಬಂದು ದುಡ್ಡಿನ ಲೆಕ್ಕ ಕೇಳಿದರು. ಕೇಳಬೇಕಾದ್ದೇ. ರಿಜಿಸ್ಟ್ರೇಷನ್‌ಗೆ 200 ಡಾಲರ್, ಅಮೆರಿಕದ ಹೊರಗೆ ಬರೆಯೋದಕ್ಕೆ ಇನ್ನೂ 150. ಅಮೆರಿಕದ ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತಾರೋ ಆ ರಾಜ್ಯದ ನರ್ಸಿಂಗ್ ಬೋರ್ಡಿನ ಫೀಸು ಬೇರೆ. ಮತ್ತೆ ಫೇಲ್ ಆದರೆ ಕನಿಷ್ಠ 45 ದಿನ ಕಾಯಬೇಕು, ಪೂರ್ತಿ ಫೀಸು ಮತ್ತೆ. ಎಷ್ಟು ಸಲ ಬರೆಯಬಹುದು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ ಮಿತಿ ಇಲ್ಲ, ಫ್ಲೋರಿಡಾದಲ್ಲಿ ಮೂರು ಸಲ ಫೇಲ್ ಆದರೆ ಕೋರ್ಸ್ ಮಾಡಿ ಬರಬೇಕು. ಎಷ್ಟು ಸಲದವರೆಗೆ, ಎಷ್ಟು ದುಡ್ಡಿನವರೆಗೆ ಅಂತ ಈಗಲೇ, ಮನಸ್ಸು ಶಾಂತವಾಗಿರುವಾಗಲೇ ಇಬ್ಬರೂ ಬರೆದಿಡಿ ಅಂದೆ.

ಇನ್ನೊಂದು ಮಾತು ಏಜೆಂಟರು ಹೇಳಲ್ಲ, ನಾನು ಹೇಳಿದೆ. ಪಾಸಾದರೆ ಅಮೆರಿಕ ಅಂತ ಅರ್ಥ ಅಲ್ಲ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷಕ್ಕೂ ಹಿಂದೆ ಬಿದ್ದಿದೆ. ಕೆನಡಾದಲ್ಲೂ ಆಸ್ಟ್ರೇಲಿಯಾದಲ್ಲೂ ಇದೇ ಪರೀಕ್ಷೆ ನಡೆಯುತ್ತೆ, ಆದರೆ ಅಲ್ಲಿನ ಷರತ್ತು ಬೇರೆ. ಹಾಗಾದರೆ ಯಾಕೆ ಬರೆಯಬೇಕು ಅಂತ ಮೇಷ್ಟ್ರು ಹೆಂಡತಿ ಕಡೆ ನೋಡಿದರು. "ಹೋಗೋದು ಬಿಡೋದು ಆಮ್ಯಾಲ ನೋಡೋಣ್ರಿ. ನನಗ ಇದು ಮುಗಸ್ಬೇಕಾಗ್ಯಾದ" ಅಂದರು ಶಾಂತಾ. ಹಾಗಿದ್ದರೆ ದೇಶದ ಕನಸಿಗಲ್ಲ, ಇದಕ್ಕೇ ದುಡ್ಡು ಹಾಕುತ್ತಿದ್ದೇವೆ ಅಂತ ಇಬ್ಬರೂ ಒಪ್ಪಿ ಹಾಕಿ ಅಂದೆ. ಒಪ್ಪಿದ್ದು ಒಂದೇ ಪ್ರಯತ್ನಕ್ಕೆ. ಅದಾದ ಮೇಲೆ ಮತ್ತೆ ಕೂತು ಮಾತಾಡೋದು.

ನಿದ್ದೆ ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ. ಈಗ ಸಿಕ್ಕಿಕೊಂಡಿರೋದು ಹೆಸರಿನಲ್ಲಿ. ನರ್ಸಿಂಗ್ ಕೌನ್ಸಿಲ್‌ನ ದಾಖಲೆಯಲ್ಲಿ ಅಪ್ಪನ ಹೆಸರು, ಹೊಸ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು. ಪರೀಕ್ಷೆಗೆ ನೋಂದಾಯಿಸಿದ ಹೆಸರು ಪಾಸ್‌ಪೋರ್ಟ್ ಜೊತೆ ತಾಳೆ ಆಗದಿದ್ದರೆ ಸೆಂಟರ್ ಒಳಗೆ ಬಿಡಲ್ಲ. ಮೇಷ್ಟ್ರೇ ಆ ಕಾಗದಪತ್ರದ ಹಿಂದೆ ಬಿದ್ದಿದ್ದಾರೆ. ಅದು ಸರಿಹೋದ ಮೇಲೆ ತಾರೀಖು ತಗೊಳ್ಳುತ್ತಾರೆ.