ಸ್ನಾನದ ತೊಟ್ಟಿ ಬಿಡಿ, ತಕ್ಕಡಿ ಹಿಡಿಯಿರಿ

ನಮಸ್ಕಾರ.

ಆರ್ಕಿಮಿಡೀಸನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಹಾಗೆಂದು ಪಕ್ಕಕ್ಕಿಡಲೂ ಮನಸ್ಸು ಒಪ್ಪಲಿಲ್ಲ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಎಂಟು ಪುಟಗಳಲ್ಲಿ ಮೂರು ಪುಟ ಸ್ನಾನದ ತೊಟ್ಟಿಗೇ ಹೋಗಿವೆ. ತೊಟ್ಟಿಯ ನೀರು ಉಕ್ಕಿದ್ದು ಕಂಡು, ಕಿರೀಟ ಹೊರತಳ್ಳುವ ನೀರನ್ನು ಅಳೆದು ಬೆಳ್ಳಿಯ ಕಲಬೆರಕೆ ಪತ್ತೆಹಚ್ಚಿದನೆಂಬ ಆ ಚಿನ್ನದ ಕಿರೀಟದ ಕತೆ ಆರ್ಕಿಮಿಡೀಸನ ಬರಹಗಳಲ್ಲಿ ಇಲ್ಲ. ಅದನ್ನು ನಮಗೆ ದಾಟಿಸಿದವನು ವಿಟ್ರುವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ, ಅದೂ ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ನೀವೇ ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಅಪ್ಪಟ ಚಿನ್ನ ಸುಮಾರು 52 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಅದರಲ್ಲಿ 300 ಗ್ರಾಂ ಚಿನ್ನ ತೆಗೆದು ಅಷ್ಟೇ ತೂಕದ ಬೆಳ್ಳಿ ಸೇರಿಸಿದರೆ ಸುಮಾರು 65. 20 ಸೆಂ.ಮೀ. ಅಗಲದ ಪಾತ್ರೆಯಲ್ಲಿ ಈ ವ್ಯತ್ಯಾಸಕ್ಕೆ ನೀರು ಅರ್ಧ ಮಿಲಿಮೀಟರ್ ಕೂಡ ಏರದು. ಗೆಲಿಲಿಯೋಗೂ ಈ ವಿಧಾನ ಒರಟೆನಿಸಿತ್ತು; ಕಿರೀಟವನ್ನು ನೀರಿನಲ್ಲಿ ಮುಳುಗಿಸಿ ತಕ್ಕಡಿಯಲ್ಲೇ ತೂಗಿರಬೇಕು ಎಂದು 1586ರಲ್ಲಿ ಬರೆದ. ಈ ಕತೆಗೆ ಒಂದು ಪ್ಯಾರಾ ಸಾಕು. ಕನ್ನಡಿಯಿಂದ ಹಡಗು ಸುಟ್ಟ ಪ್ರಸಂಗವನ್ನಂತೂ ತೆಗೆದೇಬಿಡಿ. ಆತನ ಊರು ಸಿರಾಕ್ಯೂಸಿಗೆ ರೋಮನ್ನರು ಹಾಕಿದ ಮುತ್ತಿಗೆಯನ್ನು ವರ್ಣಿಸಿದ ಪ್ರಾಚೀನ ಲೇಖಕರಾದ ಪಾಲಿಬಿಯಸ್, ಲಿವಿ, ಪ್ಲುಟಾರ್ಕ್ ಮೂವರೂ ಅದನ್ನು ಹೇಳಿಲ್ಲ.

“ಪೈ ಬೆಲೆ 22/7 ಎಂದು ಕಂಡುಹಿಡಿದ” ಎಂದಿದ್ದೀರಿ. ತಪ್ಪು. ಪರಿಧಿಯು ವ್ಯಾಸದ 22/7 ಪಟ್ಟಿಗಿಂತ ಕಡಿಮೆ, 223/71 ಪಟ್ಟಿಗಿಂತ ಹೆಚ್ಚು ಎಂದಷ್ಟೇ ಆತ ಸಾಧಿಸಿದ್ದು. ವೃತ್ತದ ಒಳಗೊಂದು, ಹೊರಗೊಂದು ಷಡ್ಭುಜ ಎಳೆದು, ಬದಿಗಳನ್ನು 12, 24, 48 ಎಂದು ಇಮ್ಮಡಿ ಮಾಡುತ್ತ 96ಕ್ಕೆ ಬಂದು ನಿಂತ. ದಶಮಾಂಶ ಪದ್ಧತಿ ಇಲ್ಲದ ಕಾಲ, ಅಕ್ಷರಗಳೇ ಅಂಕಿಗಳು. ನಿಜವಾದ ಬೆಲೆ ಇಲ್ಲಿಂದ ಇಲ್ಲಿಯವರೆಗಿನ ನಡುವೆ ಇದೆ, ಆಚೀಚೆ ಹೋಗಲಾರದು ಎಂದು ಎರಡೂ ಕಡೆ ಬೇಲಿ ಹಾಕಿದನಲ್ಲ, ಹೆಚ್ಚುಗಾರಿಕೆ ಅಲ್ಲಿದೆ. “ಅಪ್ರತಿಮ ಮೇಧಾವಿ” ಎಂದು ನೀವು ಹನ್ನೊಂದು ಸಲ ಬರೆದದ್ದಕ್ಕಿಂತ ಆ 96 ಬದಿಗಳು ಹೆಚ್ಚು ಹೇಳುತ್ತವೆ.

ಇನ್ನು ನನ್ನ ಮುಖ್ಯ ತಕರಾರು. ಆಧಾರದಿಂದ ದೂರವಿರುವ ಕಡಿಮೆ ತೂಕ ಹತ್ತಿರದ ಹೆಚ್ಚು ತೂಕವನ್ನು ಸರಿದೂಗಿಸುತ್ತದೆ ಎಂಬ ಸನ್ನೆಯ ನಿಯಮವನ್ನು “ವಿಜ್ಞಾನಕ್ಕೆ ಕೊಡುಗೆ” ಎಂದು ಐದನೇ ಪುಟದಲ್ಲಿಟ್ಟು, ಗೋಳದ ಘನಫಲವನ್ನು “ಗಣಿತಕ್ಕೆ ಕೊಡುಗೆ” ಎಂದು ಏಳಕ್ಕೆ ತಳ್ಳಿದ್ದೀರಿ. ಆರ್ಕಿಮಿಡೀಸನ ತಲೆಯಲ್ಲಿ ಇವೆರಡೂ ಒಂದೇ ಕೆಲಸ. ಅಲೆಕ್ಸಾಂಡ್ರಿಯಾದ ವಿದ್ವಾಂಸ ಎರಟೋಸ್ತನೀಸನಿಗೆ ಕಳಿಸಿದ ‘ವಿಧಾನ’ ಎಂಬ ಕೃತಿಯಲ್ಲಿ ಅದನ್ನು ತಾನೇ ಬಿಚ್ಚಿಟ್ಟಿದ್ದಾನೆ. ಗೋಳವನ್ನೂ ಶಂಕುವನ್ನೂ ತೆಳ್ಳನೆಯ ಹೋಳುಗಳಾಗಿ ಕತ್ತರಿಸಿ, ಮನಸ್ಸಿನಲ್ಲೇ ಸನ್ನೆಯ ಒಂದು ತುದಿಗೆ ತೂಗುಹಾಕುತ್ತಾನೆ. ಇನ್ನೊಂದು ಕಡೆ ಸಿಲಿಂಡರಿನ ಹೋಳುಗಳು ಇದ್ದಲ್ಲೇ ಇದ್ದು ಸರಿದೂಗುತ್ತವೆ. ಕೊನೆಗೆ, ಗೋಳವು ತನ್ನನ್ನು ಬಿಗಿಯಾಗಿ ಸುತ್ತುವರಿದ ಸಿಲಿಂಡರಿನ ಮೂರನೇ ಎರಡು ಭಾಗ ಎಂದು ಸಿಗುತ್ತದೆ. ಇಷ್ಟಾದರೂ ಇದು ರುಜುವಾತಲ್ಲ, ಜ್ಯಾಮಿತಿಯಿಂದ ಬೇರೆಯಾಗಿ ಸಾಧಿಸಬೇಕು ಎನ್ನುತ್ತಾನೆ. ಆ ಪ್ರಾಮಾಣಿಕತೆ ಓದಿದಾಗೆಲ್ಲ ನನಗೆ ರೋಮಾಂಚನವಾಗುತ್ತದೆ. ಕಳೆದೇಹೋಗಿದ್ದ ಈ ಕೃತಿ, ಒಂದು ಪ್ರಾರ್ಥನಾ ಪುಸ್ತಕದ ಅಕ್ಷರಗಳ ಕೆಳಗೆ ಅಳಿಸಿಹೋದ ಬರಹವಾಗಿ, 1906ರಲ್ಲಿ ಹೈಬರ್ಗ್ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ!

ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ರೋಮನ್ ವಾಗ್ಮಿ ಸಿಸೆರೊ ಆರ್ಕಿಮಿಡೀಸನ ಸಮಾಧಿಯನ್ನು ಹುಡುಕಿದ್ದು? ನಿಮ್ಮ ಲೇಖನದ ಬಾಗಿಲು ಅದು. ಕ್ರಿ.ಪೂ. 75ರಲ್ಲಿ ಸಿಸಿಲಿಯ ಅಧಿಕಾರಿಯಾಗಿದ್ದ ಸಿಸೆರೊಗೆ, ಊರಿನವರೇ ಮರೆತಿದ್ದ ಸಮಾಧಿಯ ಗುರುತು ಸಿಕ್ಕಿದ್ದು ಮುಳ್ಳುಪೊದೆಯ ಮೇಲೆ ಇಣುಕುತ್ತಿದ್ದ ಗೋಳ ಮತ್ತು ಸಿಲಿಂಡರಿನಿಂದ. ಅಲ್ಲಿಂದ ಶುರು ಮಾಡಿ. ಆ ಎರಡು ಆಕೃತಿ ಅಲ್ಲೇಕೆ ಎಂದು ಓದುಗರು ಕೇಳುವಾಗ ತಕ್ಕಡಿಗೆ ಕರೆತನ್ನಿ.

1,200 ಪದ ಸಾಕು. ಹೋಳುಗಳು ತೂಗುವ ಚಿತ್ರವನ್ನು ಪೆನ್ಸಿಲ್‌ನಲ್ಲಿ ನೀವೇ ಬರೆದು ಜೊತೆಗಿಡಿ, ಅಚ್ಚಿಗೆ ತಕ್ಕಂತೆ ಇಲ್ಲಿ ತಿದ್ದಿಸುತ್ತೇನೆ. ಮುಂದಿನ ಪ್ರತಿಗೆ ಕಾಯುತ್ತಿರುತ್ತೇನೆ.

— ಸಂಪಾದಕ